ಘಟ್ಟದ ಮೇಲೆ 14 ದಿನದ ಪಂಚಕರ್ಮ, ಬಂದ ಮೂರನೇ ದಿನಕ್ಕೆ ದೀಪಾವಳಿ: ತಯಾರಿ ಹೇಗೆ?

ಅಂಬಲಪಾಡಿ ಅಕ್ಕ

ನಮಸ್ಕಾರ. ಅಮ್ಮನನ್ನು ಕರೆದುಕೊಂಡು ತೀರ್ಥಹಳ್ಳಿ ಕಡೆಯ ಒಂದು ಆಯುರ್ವೇದ ಚಿಕಿತ್ಸಾಲಯದಲ್ಲಿ 14 ದಿನ ಉಳಿಯುವುದು ಅಂತ ಮಾತಾಗಿದೆ. ಹೊರಡುವುದಕ್ಕೆ ಇನ್ನು 25 ದಿನ ಉಂಟು. ಅಮ್ಮನಿಗೆ 67 ವರ್ಷ, ಎರಡೂ ಮೊಣಕಾಲು ಗಂಟು ನೋವು. ಶುಗರಿಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಕೊಳ್ತಾರೆ, ಬಿಪಿ ಮಾತ್ರೆಯೂ ಉಂಟು. ನನಗೆ 43, ಆಸಿಡಿಟಿ, ಮೈಗ್ರೇನ್, ಥೈರಾಯ್ಡ್ ಮಾತ್ರೆ ನಡೀತಾ ಇದೆ. ಫೋನಲ್ಲಿ ಡಾಕ್ಟ್ರು ನನಗೆ ವಿರೇಚನ, ಅಮ್ಮನಿಗೆ ಬಸ್ತಿ (ಎನಿಮಾ ಹಾಗೆ ಗುದದ ಮೂಲಕ ಮದ್ದು ಕೊಡುವುದು) ಮತ್ತು ಜಾನುಬಸ್ತಿ (ಮೊಣಕಾಲ ಮೇಲೆ ಬಿಸಿ ಎಣ್ಣೆ ನಿಲ್ಲಿಸುವುದು) ಆಗಬಹುದು, ನೋಡಿದ ಮೇಲೆ ಖಚಿತ ಅಂದಿದ್ದಾರೆ.

ಮನೆಯಲ್ಲಿ ಮೀನಿಲ್ಲದೆ ಊಟ ಇಳಿಯುವುದಿಲ್ಲ. ನನಗೆ ದಿನಕ್ಕೆ ನಾಲ್ಕು ಕಾಫಿ. ಮೊದಲೇ ಎಂತ ಎಂತ ಬಿಡಬೇಕು, ಬ್ಯಾಗಿಗೆ ಎಂತ ಹಾಕಬೇಕು? ಲ್ಯಾಪ್‌ಟಾಪ್ ತಕೊಂಡು ಹೋದರೆ ಮಧ್ಯಾಹ್ನ ಎರಡು ಗಂಟೆ ಆಫೀಸ್ ಕೆಲಸ ಮಾಡಬಹುದಾ? ಇನ್ಶೂರೆನ್ಸ್ ಸಿಗುತ್ತದಾ? ವಾಪಸ್ ಬಂದ ಮೂರನೇ ದಿನ ದೀಪಾವಳಿ, ಮನೆ ತುಂಬ ನೆಂಟರು. ಗೊತ್ತಿದ್ದವರು ಹೇಳಿ.

ಪಥ್ಯಪಾಲ

ಬ್ಯಾಗಿನ ವಿಷಯ ಆಮೇಲೆ. ಅಕ್ಕ, ಮೊದಲು ಒಂದು ಕಾಗದದಲ್ಲಿ ದಿನದ ಲೆಕ್ಕ ಹಾಕಿ. ನಿಮ್ಮ ತೊಂದರೆ ಅಲ್ಲೇ ಇರುವುದು.

ವಿರೇಚನ ಅಂದರೆ ಒಂದು ದಿನದ ಭೇದಿ ಅಲ್ಲ. ಮೊದಲು ದೀಪನ-ಪಾಚನ, ಅಂದರೆ ಹಸಿವು ಹೆಚ್ಚಿಸಿ ಅಜೀರ್ಣ ಸರಿ ಮಾಡುವ ಮದ್ದು, ಸಾಧಾರಣ 3 ದಿನ. ಮತ್ತೆ ಸ್ನೇಹಪಾನ, ಬೆಳಗ್ಗೆ ಖಾಲಿ ಹೊಟ್ಟೆಗೆ ಔಷಧಿ ತುಪ್ಪ, ದಿನದಿಂದ ದಿನಕ್ಕೆ ಪ್ರಮಾಣ ಏರಿಸುತ್ತಾ 3ರಿಂದ 7 ದಿನ. ಅದು ಮುಗಿದ ಮೇಲೆ ಅಭ್ಯಂಗ, ಬೆವರು ತರಿಸುವ ಚಿಕಿತ್ಸೆ 3 ದಿನ. ಆಮೇಲೆ ವಿರೇಚನ. ಅದೇ ಸಂಜೆಯಿಂದ ಸಂಸರ್ಜನ, ಅಂದರೆ ಗಂಜಿಯಿಂದ ಮೇಲೆ ಹತ್ತುತ್ತಾ ಊಟಕ್ಕೆ ಬರುವುದು, 3, 5 ಅಥವಾ 7 ದಿನ. ಎಲ್ಲ ಕಡಿಮೆಯದ್ದೇ ಹಿಡಿದರೂ 12 ದಿನ ಬೇಕು. ಹಾಗಾಗಿ "7 ದಿನದ ಸಂಪೂರ್ಣ ಪಂಚಕರ್ಮ" ಅಂತ ಬೋರ್ಡ್ ಕಂಡರೆ ಅಲ್ಲಿ ಸಿಗುವುದು ಎಣ್ಣೆ ತಿಕ್ಕುವುದು, ಶಿರೋಧಾರೆ, ಕಿಳಿ (ಮದ್ದಿನ ಬಿಸಿ ಗಂಟು ಒತ್ತುವುದು) ಇಷ್ಟೇ ಅಂತ ತಿಳಿದುಕೊಳ್ಳಿ. ಅದೂ ಒಳ್ಳೆಯದೇ, ಆದರೆ ಹೆಸರು ಬೇರೆ.

ಈಗ ನಿಮ್ಮದು. 1ರಿಂದ 3 ಪಾಚನ, 4ರಿಂದ 8 ತುಪ್ಪ, 9ರಿಂದ 11 ಎಣ್ಣೆ-ಬೆವರು, 12ನೇ ದಿನ ವಿರೇಚನ. 14ನೇ ದಿನ ನಿಮ್ಮನ್ನು ಕಳಿಸುತ್ತಾರೆ. ಮಧ್ಯಮ ಶುದ್ಧಿ, ಅಂದರೆ ಭೇದಿ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಅನ್ನುವಷ್ಟು ಆದರೆ, 5 ದಿನದ ಗಂಜಿ ಕ್ರಮ 16ನೇ ದಿನದವರೆಗೆ. ಅಂದರೆ ಅರ್ಧ ಚಿಕಿತ್ಸೆ ನಿಮ್ಮ ಅಡಿಗೆಮನೆಯಲ್ಲಿ, 17ನೇ ದಿನ ದೀಪಾವಳಿ. ತುಪ್ಪ ಮೈಗೆ ಹಿಡಿದ ಲಕ್ಷಣ ನಿಮಗೆ ಬೇಗ ಬರಲಿಲ್ಲ, 7 ದಿನ ಬೇಕಾಯಿತು ಅಂತಿಟ್ಟುಕೊಳ್ಳಿ. ಆಗ ವಿರೇಚನದ ದಿನವೇ ನೀವು ಆಗುಂಬೆ ತಿರುವಿನಲ್ಲಿರುತ್ತೀರಿ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ವಿರೇಚನದ ನಂತರ ಹಸಿವೆ ತೀರಾ ಮಂದ ಇರುತ್ತದೆ. ಆಗ ಹೋಳಿಗೆ, ಕಡುಬು, ಗೋಳಿಬಜೆ ಹೊಟ್ಟೆಗೆ ಬಿದ್ದರೆ ಹೊಟ್ಟೆಯುಬ್ಬರ, ವಾಂತಿ, ಮತ್ತೆ ಅದೇ ಆಸಿಡಿಟಿ.

ನನ್ನ ಸಲಹೆ: ಬುಕ್ಕಿಂಗ್ ಬಲಿಪಾಡ್ಯಮಿ ಕಳೆದ ಮೇಲಕ್ಕೆ ಹಾಕಿ, ಸಾಧ್ಯವಾದರೆ 18 ದಿನ ಮಾಡಿ. ಶಾಸ್ತ್ರಕ್ಕೂ ಅಡ್ಡಿಯಿಲ್ಲ. ವಿರೇಚನಕ್ಕೆ ಹೇಳಿದ್ದು ಶರದೃತು, ಅಂದರೆ ಆಶ್ವಯುಜ-ಕಾರ್ತಿಕ. ಹಬ್ಬ ಕಳೆದ ಮೇಲೂ ಕಾರ್ತಿಕ ಇಡೀ ಉಂಟಲ್ಲ. ದಿನ ಬದಲಿಸುವಾಗ ನಿಮ್ಮ ಮುಟ್ಟಿನ ತಾರೀಕೂ ನೋಡಿ. ಆ ದಿನಗಳಲ್ಲಿ ವಿರೇಚನ, ಬಸ್ತಿ ಸಾಧಾರಣ ಮಾಡುವುದಿಲ್ಲ, ಪ್ಯಾಕೇಜಿನ ನಾಲ್ಕು ದಿನ ಸುಮ್ಮನೆ ಹೋಗುತ್ತದೆ. ಮುಟ್ಟು ನಿಂತ ಕೂಡಲೇ ಹೊರಡುವ ಹಾಗೆ ಇಟ್ಟುಕೊಂಡರೆ ಸರಿ.

ಅಮ್ಮನ ಲೆಕ್ಕ ಬೇರೆ. ಯೋಗಬಸ್ತಿ ಅಂದರೆ 8 ದಿನದ್ದು, ಅದರಲ್ಲಿ 5 ಎಣ್ಣೆಯದ್ದು, 3 ಕಷಾಯದ್ದು. 14 ದಿನದಲ್ಲಿ ಆರಾಮವಾಗಿ ಮುಗಿಯುತ್ತದೆ. ಆದರೆ ಬಸ್ತಿ ಎಷ್ಟು ದಿನವೋ ಅದರ ಎರಡು ಪಟ್ಟು ದಿನ ಪರಿಹಾರ ಕಾಲ (ಪಥ್ಯ ಪಾಲಿಸುವ ಕಾಲ), ಅಂದರೆ 16 ದಿನ. ಹಗಲು ನಿದ್ದೆ, ತಣ್ಣೀರು, ಕುಲುಕುವ ದೂರ ಪ್ರಯಾಣ, ಮಲಮೂತ್ರ ತಡೆಯುವುದು ಎಲ್ಲ ವರ್ಜ್ಯ. ಬಂದ ವಾರದಲ್ಲೇ ಮದುವೆ ಮನೆಗೆ ಅಂತ ಬಸ್ಸು ಹತ್ತಿಸಬೇಡಿ.

ಇನ್ನು ಬಿಡುವುದು. ಕಾಫಿ ಇವತ್ತಿನಿಂದಲೇ ಇಳಿಸಿ. ಕೆಫೀನ್ ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ತಲೆನೋವು ಶುರು, ಒಂದೆರಡು ದಿನಕ್ಕೆ ಏರುತ್ತದೆ, ಕೆಲವರಿಗೆ 9 ದಿನ ಎಳೆಯುತ್ತದೆ. ಅಲ್ಲಿಗೆ ಹೋದ ದಿನವೇ ನಿಲ್ಲಿಸಿದರೆ ಅದು ಮೈಗ್ರೇನೋ, ಕಾಫಿಯ ಹಠವೋ, ಮದ್ದಿನ ಪರಿಣಾಮವೋ ಡಾಕ್ಟ್ರಿಗೂ ತಿಳಿಯುವುದಿಲ್ಲ. ನಾಲ್ಕು ದಿನಕ್ಕೆ ಒಂದು ಲೋಟದಂತೆ ಕಡಿಮೆ ಮಾಡಿ. ಮೊದಲು ಸಂಜೆಯದ್ದು, ಕೊನೆಗೆ ಬೆಳಗಿನದ್ದು. ಆ ಹೊತ್ತಿಗೆ ಕೊತ್ತಂಬರಿ-ಜೀರಿಗೆ ಕಷಾಯ ಕುಡಿಯಿರಿ, ಕೈಗೆ ಲೋಟದ ಅಭ್ಯಾಸವಾದರೂ ತಪ್ಪುವುದಿಲ್ಲ. ತಲೆನೋವಿನ ಕೆಲವು ಮಾತ್ರೆಯಲ್ಲೂ ಕೆಫೀನ್ ಇರುತ್ತದೆ, ಸ್ಟ್ರಿಪ್ಪಿನ ಹಿಂದೆ ಓದಿ.

ಮೀನು, ಕೋಳಿ, ಕರಿದದ್ದು, ಮೈದಾ, ರಾತ್ರಿ ಮೊಸರು ಕೊನೆಯ ಒಂದು ವಾರ ಬಿಟ್ಟರೆ ಸಾಕು. "ಇನ್ನು ಹದಿನೈದು ದಿನ ಸಿಗುವುದಿಲ್ಲ" ಅಂತ ಹೊರಡುವ ಹಿಂದಿನ ರಾತ್ರಿ ಕೋರಿರೊಟ್ಟಿ ಹೊಡೆದು ಹೋಗುವವರು ತುಂಬ. ಆ ಅಜೀರ್ಣ ಸರಿಯಾಗುವವರೆಗೆ ತುಪ್ಪ ಕೊಡುವ ಹಾಗಿಲ್ಲ. ಮೂರು ದಿನದ ಪಾಚನ ಐದು ದಿನ ಆಗುತ್ತದೆ, ಬಾಡಿಗೆ ನೀವೇ ಕೊಡಬೇಕು.

ಲ್ಯಾಪ್‌ಟಾಪ್ ಬೇಡ ಅಕ್ಕ. ಬೆಳಗ್ಗೆ ಕುಡಿದ ತುಪ್ಪ ಅರಗುವವರೆಗೆ ಬಾಯಿ ಒಗರು, ವಾಕರಿಕೆ, ತಲೆ ಭಾರ. ಆ ಹೊತ್ತಿಗೆ ಸ್ಕ್ರೀನ್ ನೋಡಿ ಮೀಟಿಂಗ್ ಮಾಡಿದರೆ ಮೈಗ್ರೇನಿಗೆ ನೀವೇ ಕರೆ ಕಳಿಸಿದ ಹಾಗೆ. ರಜೆ ಹಾಕಿ.

ಮದ್ದಿನ ಚೀಟಿ

ಮೇಲಿನವರು ಹೇಳದ್ದು ಅಮ್ಮನ ಮಾತ್ರೆ. ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ದೊಡ್ಡದು ಇದೇ.

ಗ್ಲಿಮೆಪಿರೈಡ್ ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಮನೆಯಲ್ಲಿ ಬೆಳಗ್ಗೆ ಮಾತ್ರೆ, ಹಿಂದೆಯೇ ನಾಲ್ಕು ದೋಸೆ. ಅಲ್ಲಿ ಮಾತ್ರೆ ಅದೇ, ತಿಂಡಿ ಮಾತ್ರ ಒಂದು ಲೋಟ ತೆಳ್ಳಗಿನ ಗಂಜಿ, ಅದೂ ಚಿಕಿತ್ಸೆ ಮುಗಿದ ಮೇಲೆ ಹನ್ನೊಂದು ಗಂಟೆಗೆ. ಶುಗರ್ ಇಳಿಯುವುದು ಹೀಗೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಈ ಭಯ ಕಡಿಮೆ. ಈಗ ನೋಡುತ್ತಿರುವ ಶುಗರ್ ಡಾಕ್ಟ್ರ ಹತ್ತಿರ ಹೋಗಿ "ಇಷ್ಟು ದಿನ ಊಟ ಹೀಗಿರುತ್ತದೆ, ಮಾತ್ರೆ ಎಷ್ಟು?" ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ನೀವಾಗಿ ಅರ್ಧ ಮಾಡಬೇಡಿ, ಅಲ್ಲಿಯವರು ಬಾಯಿ ಮಾತಲ್ಲಿ ನಿಲ್ಲಿಸಿ ಅಂದರೂ ನಿಲ್ಲಿಸಬೇಡಿ.

ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಯಾರಿಗಾದರೂ ಇದ್ದರೆ ಉಪವಾಸದ ದಿನ ಇನ್ನೂ ಜಾಗ್ರತೆ. ಹೊಟ್ಟೆ ಖಾಲಿ ಇದ್ದು ನೀರೂ ಕಡಿಮೆಯಾದರೆ ರಕ್ತದಲ್ಲಿ ಕೀಟೋನ್ ಏರಬಹುದು. ಆಗ ಮೀಟರಿನಲ್ಲಿ ಶುಗರ್ ಬಹಳ ಹೆಚ್ಚು ತೋರಿಸದೆಯೂ ಇರಬಹುದು, ಹಾಗಾಗಿ ವಾಂತಿ, ಏದುಸಿರನ್ನು ಚಿಕಿತ್ಸೆಯ ಪರಿಣಾಮ ಅಂತ ತಪ್ಪು ತಿಳಿಯುತ್ತಾರೆ.

ಗ್ಲುಕೋಮೀಟರ್ ತಕೊಂಡು ಹೋಗಿ. ಬೆಳಗ್ಗೆ ಖಾಲಿ ಹೊಟ್ಟೆ, ಮಧ್ಯಾಹ್ನದ ಊಟದ ಮೊದಲು, ರಾತ್ರಿ ಊಟದ ಮೊದಲು, ಮಲಗುವಾಗ ಹೀಗೆ ದಿನಕ್ಕೆ ನಾಲ್ಕು ಅಂದರೆ 14 ದಿನಕ್ಕೆ 56 ಸ್ಟ್ರಿಪ್. ಡಬ್ಬದಲ್ಲಿ ಸಾಧಾರಣ 25 ಅಥವಾ 50 ಇರುತ್ತದೆ, ಒಂದು ಡಬ್ಬ ಹೆಚ್ಚು ಇರಲಿ. ಎಣ್ಣೆಗೈಯಲ್ಲಿ ಚುಚ್ಚಿದರೆ ಲೆಕ್ಕ ತಪ್ಪುತ್ತದೆ, ಸಾಬೂನು ಹಾಕಿ ತೊಳೆದು ಒಣಗಿಸಿ ಚುಚ್ಚಿ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ಅರ್ಧ ಲೋಟ ನೀರಲ್ಲಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ. ಸಕ್ಕರೆಯ ಡಬ್ಬಿ ಮಂಚದ ಹತ್ತಿರವೇ ಇರಬೇಕು. "ಪಥ್ಯದಲ್ಲಿ ಸಕ್ಕರೆ ಇಲ್ಲ" ಅಂತ ಆ ಹೊತ್ತಲ್ಲಿ ಯೋಚನೆ ಮಾಡುವುದಲ್ಲ. ಬಿಪಿ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್ ಆಗಿದ್ದರೆ ಶುಗರ್ ಇಳಿದಾಗಿನ ನಡುಕ, ಎದೆಬಡಿತ ಗೊತ್ತೇ ಆಗದಿರಬಹುದು, ಬೆವರು ಮಾತ್ರ ಬರುತ್ತದೆ. ಬಿಸಿ ಕೋಣೆಯಲ್ಲಿ ಬೆವರಿಗೆ ಕಾರಣ ಬೇಕೇ? ಹಾಗಾಗಿ ಅನುಮಾನ ಬಂದರೆ ಚುಚ್ಚಿ ನೋಡುವುದೊಂದೇ ದಾರಿ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಕ್ಲೋರ್‌ಥಲಿಡೋನ್ ಅಥವಾ ಹೈಡ್ರೋಕ್ಲೋರೋಥಯಜೈಡ್ ಸೇರಿದ್ದರೆ ಆವಿ ಪೆಟ್ಟಿಗೆಯಿಂದ ಏಳುವಾಗ ತಲೆಸುತ್ತು ಬರುತ್ತದೆ. ಎರಡು ನಿಮಿಷ ಕೂತು ಏಳಲಿ.

ಸಕ್ಕರೆ ಕಾಯಿಲೆಯ ಕಾಲಿಗೆ ಬಿಸಿ ಸರಿಯಾಗಿ ತಿಳಿಯದೇ ಇರುವುದುಂಟು. ಕಿಳಿ ಮತ್ತು ಜಾನುಬಸ್ತಿಯ ಎಣ್ಣೆ ಚರ್ಮ ಸುಟ್ಟರೂ "ಬೆಚ್ಚಗಿದೆ" ಅಂತಾರೆ. ಜಾನುಬಸ್ತಿಯಲ್ಲಿ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಎಣ್ಣೆ ಹಿಡಿಸಿ ಕೂರಿಸುತ್ತಾರೆ, ಎಣ್ಣೆ ತಣಿದ ಹಾಗೆ ಬಿಸಿಯದ್ದು ಸೇರಿಸುತ್ತಾ ಇರುತ್ತಾರೆ. ಪ್ರತಿ ಸಲ ಚಿಕಿತ್ಸೆ ಮಾಡುವವರು ತಮ್ಮ ಕೈಗೆ ಹಾಕಿ ನೋಡಲಿ, ಮೊದಲ ದಿನವೇ ಹೇಳಿಡಿ. ರಾತ್ರಿ ಅಮ್ಮನ ಪಾದ, ಬೆರಳ ಸಂದು ಟಾರ್ಚ್ ಹಾಕಿ ನೋಡಿ.

ನಿಮ್ಮ ಥೈರಾಕ್ಸಿನ್: ಖಾಲಿ ಹೊಟ್ಟೆಗೆ ಬರೀ ನೀರಲ್ಲಿ, ತುಪ್ಪಕ್ಕಿಂತ ಒಂದು ಗಂಟೆ ಮೊದಲು. ತುಪ್ಪ ಆರೂವರೆಗೆ ಕೊಡುವುದಾದರೆ ಐದೂವರೆಗೆ ಅಲಾರಂ. ಪಿತ್ತಕೋಶದಲ್ಲಿ ಕಲ್ಲು ಇದೆ ಅಂತ ಯಾವತ್ತಾದರೂ ಸ್ಕ್ಯಾನಿನಲ್ಲಿ ಬಂದಿದ್ದರೆ ಆ ವರದಿ ಮುಚ್ಚಿಡಬೇಡಿ. ಕೊಬ್ಬು ಬಿದ್ದ ಕೂಡಲೇ ಪಿತ್ತಕೋಶ ಹಿಂಡುತ್ತದೆ, ಕಲ್ಲು ಸಿಕ್ಕಿಕೊಂಡರೆ ಬಲಪಕ್ಕೆಲುಬಿನಡಿ ತಡೆಯಲಾಗದ ನೋವು. ಇಬ್ಬರದ್ದೂ ಹಿಮೊಗ್ಲೋಬಿನ್, ಕ್ರಿಯಾಟಿನಿನ್, ಲಿವರ್ ಟೆಸ್ಟ್, ಅಮ್ಮನ ಮೂರು ತಿಂಗಳ ಶುಗರ್ ಸರಾಸರಿ ಮತ್ತು ಇಸಿಜಿ ಹೊರಡುವ ಎರಡು ವಾರ ಮೊದಲು ಮಾಡಿಸಿ.

ಅಂಬಲಪಾಡಿ ಅಕ್ಕ

ಅಬ್ಬಾ! ಇದೆಲ್ಲ ಯಾರೂ ಹೇಳಿರಲಿಲ್ಲ. ತಾರೀಕು ಮುಂದೆ ಹಾಕಲು ಕೇಳಿದೆ, ಹಬ್ಬ ಕಳೆದ ನಾಲ್ಕನೇ ದಿನ ಕೋಣೆ ಉಂಟಂತೆ, 17 ದಿನ. ಬಂದ ಮೇಲೆ ಗಂಜಿ ಅಂದಿರಲ್ಲ, ನಮ್ಮ ಕುಚ್ಚಲಕ್ಕಿ ಗಂಜಿ ಆಗುತ್ತದಾ? ಮತ್ತೆ ಮೀನು ಸಾರು ಯಾವಾಗ?

ಎಣ್ಣೆ ಬೈರಾಸು

ಗಂಜಿಯವರು ಗಂಜಿ ಹೇಳಲಿ, ನಾನು ಬ್ಯಾಗು ಮತ್ತು ಕೋಣೆ ಹೇಳ್ತೇನೆ.

ಫೋನ್ ಮಾಡಿ ಮೂರು ವಿಷಯ ಖಚಿತ ಮಾಡಿಕೊಳ್ಳಿ: ಕಮೋಡ್ ಇರುವ ಬಚ್ಚಲು ಕೋಣೆಗೇ ಸೇರಿದೆಯಾ, ಕೋಣೆ ನೆಲ ಅಂತಸ್ತಿನದ್ದಾ, ಚಿಕಿತ್ಸೆ ಕೋಣೆಗೆ ಮೆಟ್ಟಿಲು ಎಷ್ಟು. ವಿರೇಚನದ ದಿನ ಹತ್ತು ಇಪ್ಪತ್ತು ಸಲ ಓಡಬೇಕು, ಮೊಣಕಾಲು ನೋವಿನವರಿಗೆ ಬಸ್ತಿಯ ನಂತರವೂ ಅದೇ ಪಾಡು. ಇಬ್ಬರಿಗೂ ಒಂದೇ ಶೌಚಾಲಯ ಆದರೆ ಇಬ್ಬರ ಚಿಕಿತ್ಸೆ ಒಂದೇ ಹೊತ್ತಿಗೆ ಬೀಳದ ಹಾಗೆ ಹೇಳಿ, ಮಾರಾಯ್ರೆ.

ಇಂಥ ಕಡೆ ವಯಸ್ಸಾದವರಿಗೆ ಪೆಟ್ಟಾಗುವುದು ಹೆಚ್ಚಾಗಿ ಬಚ್ಚಲಲ್ಲಿ ಜಾರಿ. ಅಂಗಾಲಿಗೆ ಎಣ್ಣೆ, ನೆಲಕ್ಕೆ ಟೈಲ್ಸ್. ಸವೆದ ಹವಾಯಿ ಬೇಡ, ಅಡಿ ಕೊರೆದ ರಬ್ಬರ್ ಚಪ್ಪಲಿ ಹೊಸತು ಎರಡು ಜೊತೆ, ಒಂದು ಒಳಗೆ, ಒಂದು ಹೊರಗೆ. ಎಣ್ಣೆ ಹಚ್ಚಿದ ಮೇಲೆ ಅಮ್ಮನ ಅಂಗಾಲನ್ನು ಮೊದಲು ಕಡ್ಲೆಹಿಟ್ಟು ಹಾಕಿ ಕೂತಲ್ಲೇ ಒರೆಸಿ, ಆಮೇಲೆ ಎಬ್ಬಿಸಿ. ಬಚ್ಚಲಿಗೆ ಪ್ಲಾಸ್ಟಿಕ್ ಸ್ಟೂಲ್ ಕೇಳಿ.

ಬಟ್ಟೆ ಹಳೆಯದು, ಹತ್ತಿಯದ್ದು, ಗಾಢ ಬಣ್ಣದ್ದು. ತಲಾ ನಾಲ್ಕು ನೈಟಿ, ಮೂರು ಬೈರಾಸು (ಟವೆಲ್), ತಲೆ ಕಟ್ಟಲು ಎರಡು ಮೆತ್ತಗಿನ ಬಟ್ಟೆ, ಸ್ವಂತ ಎರಡು ದಿಂಬಿನ ಕವರ್. ಕರಿಮಣಿ, ಬಳೆ, ಕಿವಿಯೋಲೆ ಮನೆಯಲ್ಲೇ ಬಿಡಿ. ಎಣ್ಣೆಯಲ್ಲಿ ನೆನೆದ ಕರಿಮಣಿಯ ದಾರ ಸಡಿಲವಾಗುತ್ತದೆ, ಹರಳಿನ ಹಿಂದೆ ಎಣ್ಣೆ ಹೋಗಿ ಮಂಕಾಗುತ್ತದೆ. ಒಂದು ಲೀಟರ್ ಫ್ಲಾಸ್ಕ್ ಮರೆಯಬೇಡಿ. ತುಪ್ಪದ ಮೇಲೆ ಗುಟುಕು ಗುಟುಕು ಬಿಸಿನೀರು ಬೇಕು, ರಾತ್ರಿ ಅಡಿಗೆಮನೆ ಮುಚ್ಚಿರುತ್ತದೆ. ಬೆಳಗ್ಗೆ ಚಳಿಗೆ ಸ್ವೆಟರ್, ಕಾಲುಚೀಲ. ಕರೆಂಟು ಹೋಗುವ ಜಾಗ, ಟಾರ್ಚ್. ತೋಟದ ಹುಲ್ಲಲ್ಲಿ ಇಂಬಳ ಇರಬಹುದು, ಅಮ್ಮ ಬರಿಗಾಲಲ್ಲಿ ಇಳಿಯದಿರಲಿ.

ತೊಳೆಯುವ ವಿಷಯ: ಎಣ್ಣೆ ಬೈರಾಸನ್ನು ಮೊದಲು ಪಾತ್ರೆ ತೊಳೆಯುವ ಸೋಪು ತಿಕ್ಕಿ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ಎಣ್ಣೆ ಪೂರ್ತಿ ಹೋಗದ ಬಟ್ಟೆಯನ್ನು ಡ್ರೈಯರಿಗೆ ಹಾಕಿ ಬಿಸಿಬಿಸಿ ಮಡಚಿ ಗುಡ್ಡೆ ಹಾಕಬಾರದು. ಎಣ್ಣೆ ಗಾಳಿಯ ಜೊತೆ ಸೇರಿ ತಾನಾಗಿ ಕಾಯುತ್ತದೆ, ಗುಡ್ಡೆಯೊಳಗಿನ ಬಿಸಿ ಹೊರಗೆ ಹೋಗದೆ ಬೆಂಕಿ ಹತ್ತಿದ್ದೂ ಉಂಟು. ಹಗ್ಗದ ಮೇಲೆ ಹರಡಿ ಒಣಗಿಸಿ.

ಹೆಬ್ರಿ-ಆಗುಂಬೆ ದಾರಿ ದೂರವೇನಲ್ಲ, ತಿರುವುಗಳದ್ದೇ ಕಷ್ಟ. ಹೋಗುವಾಗ ಬೆಳಗ್ಗೆ, ಹೊಟ್ಟೆ ಹಗುರ. ಬರುವಾಗ ಅಮ್ಮ ಮುಂದಿನ ಸೀಟು, ಸೋಮೇಶ್ವರದಲ್ಲಿ ಇಳಿಸಿ ಕಾಲು ಚಾಚಿಸಿ, ಎಸಿ ಗಾಳಿ ಮುಖಕ್ಕೆ ನೇರ ಬೇಡ. ಡ್ರೈವಿಂಗ್ ನೀವು ಮಾಡಬೇಡಿ.

ಪಾಲಿಸಿ ಪುಟ

ಇನ್ಶೂರೆನ್ಸ್ ಚುಟುಕಾಗಿ. 2024ರ ಏಪ್ರಿಲಿನಿಂದ ಆಯುಷ್ ಚಿಕಿತ್ಸೆಯನ್ನೂ ಬೇರೆ ಚಿಕಿತ್ಸೆಗಳ ಸಮಕ್ಕೆ ನೋಡಬೇಕು ಅಂತ ವಿಮಾ ನಿಯಂತ್ರಕರ ಸೂಚನೆ ಉಂಟು. ಆದರೆ ಪಾಲಿಸಿಯ ಹೊರಗಿಟ್ಟವುಗಳ ಪಟ್ಟಿಯಲ್ಲಿ 13ನೇದು ಓದಿ: ಸ್ಪಾ, ಪ್ರಕೃತಿ ಚಿಕಿತ್ಸಾಲಯ ಇತ್ಯಾದಿ ಜಾಗದ ಖರ್ಚು ಇಲ್ಲ. ಹಾಗಾಗಿ ಜಾಗ ಆಯುಷ್ ಆಸ್ಪತ್ರೆ ಅಂತ ನೋಂದಣಿ ಆಗಿರಬೇಕು. ಕನಿಷ್ಠ 5 ಒಳರೋಗಿ ಹಾಸಿಗೆ, ದಿನದ 24 ಗಂಟೆ ಅರ್ಹ ಆಯುಷ್ ವೈದ್ಯರು, ಚಿಕಿತ್ಸೆಗೆ ಪ್ರತ್ಯೇಕ ಕೋಣೆ ಬೇಕು. ದಾಖಲಾತಿ ಚೀಟಿಯಲ್ಲಿ ರೋಗದ ಹೆಸರು ಬೇಕು. "ಪುನಶ್ಚೇತನ ಪ್ಯಾಕೇಜ್" ಅಂತ ಬಿಲ್ ಆದರೆ ಕ್ಲೇಮ್ ಅಲ್ಲಿಗೇ ಮುಗಿಯಿತು. ಅಮ್ಮನ ಮೊಣಕಾಲಿಗೆ ಅವಕಾಶ ಹೆಚ್ಚು, ನಿಮ್ಮದು ಕಷ್ಟ. ಹೋಗುವ ಮೊದಲೇ ಕಂಪೆನಿಗೆ ಇಮೇಲ್ ಹಾಕಿ ಲಿಖಿತ ಉತ್ತರ ತರಿಸಿ. ಡಿಸ್ಚಾರ್ಜ್ ಸಾರಾಂಶದಲ್ಲಿ ಕೊಟ್ಟ ಪ್ರತಿ ಮದ್ದಿನ ಹೆಸರು, ಪ್ರಮಾಣ ಬರೆಸಿ, ಭಸ್ಮ ಇದ್ದರೆ ಅದೂ.

ಪಥ್ಯಪಾಲ

ತಾರೀಕು ಬದಲಾಯಿಸಿದ್ದು ಒಳ್ಳೆಯದಾಯಿತು. 17 ದಿನ ಅಂದರೆ ಗಂಜಿಯ ಹೆಚ್ಚಿನ ಭಾಗ ಅಲ್ಲೇ ಮುಗಿಯುತ್ತದೆ. ಆದರೂ ತಿಳಿದಿರಲಿ.

ಮಧ್ಯಮ ಶುದ್ಧಿಗೆ ಎಂಟು ಹೊತ್ತು. ಪೇಯ (ತೆಳು ಗಂಜಿ) ಎರಡು ಹೊತ್ತು, ವಿಲೇಪಿ (ಗಟ್ಟಿ ಗಂಜಿ) ಎರಡು, ಹೆಸರಿನ ಯೂಷ (ಹೆಸರುಕಾಳಿನ ಕಟ್ಟು) ಎರಡು, ಕೊನೆಯ ಎರಡು ಹೊತ್ತಿಗೆ ಶಾಸ್ತ್ರದಲ್ಲಿ ಮಾಂಸರಸ (ಮಾಂಸದ ಸಾರು), ಬೇಡದವರಿಗೆ ಜೀರಿಗೆ-ಶುಂಠಿ-ತುಪ್ಪದ ಒಗ್ಗರಣೆಯ ಯೂಷದ ಜೊತೆ ಮೆದು ಅನ್ನ. ಪೇಯಕ್ಕೆ ಒಂದಕ್ಕೆ ಹದಿನಾಲ್ಕು ನೀರು: ಕಾಲು ಲೋಟ ಅಕ್ಕಿಗೆ ಮೂರೂವರೆ ಲೋಟ. ಅಗುಳು ಬೆರಳಲ್ಲಿ ಹಿಸುಕಿದರೆ ಕರಗಬೇಕು. ವಿಲೇಪಿ ಒಂದಕ್ಕೆ ನಾಲ್ಕು, ಗಟ್ಟಿ, ಚಮಚದಲ್ಲಿ ತಿನ್ನುವ ಹಾಗೆ. ಮೊದಲ ಯೂಷಕ್ಕೆ ಉಪ್ಪು ಒಗ್ಗರಣೆ ಇಲ್ಲ, ಹೆಸರುಕಾಳಿಗೆ ಹದಿನಾರು ಪಟ್ಟು ನೀರು ಹಾಕಿ ಬೇಯಿಸಿ ಸೋಸಿದ್ದು. ಹಸಿವಾಗದೆ ಮುಂದಿನ ಹೊತ್ತಿನದ್ದು ತಿನ್ನುವಂತಿಲ್ಲ, ಹಿಂದಿನದ್ದನ್ನೇ ಮತ್ತೆ ತಕೊಳ್ಳಿ.

ಕುಚ್ಚಲಕ್ಕಿ ಆಗುತ್ತದೆ. ಆದರೆ ಮೊದಲ ಎರಡು ಹೊತ್ತಿಗೆ ಹಳೇ ಬೆಳ್ತಿಗೆ ಅಕ್ಕಿಯೇ ನನ್ನ ಆಯ್ಕೆ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು, ಅಷ್ಟರಲ್ಲಿ ನೀರು ಇಂಗಿ ನೀವು ಪೇಯ ಅಂದುಕೊಂಡದ್ದು ವಿಲೇಪಿ ಆಗಿರುತ್ತದೆ. ಇಂಗಿದಷ್ಟು ಕುದಿನೀರು ಹೊಯ್ಯುತ್ತಾ ಇರಿ. ಜೊತೆಗೆ ಉಪ್ಪಿನಕಾಯಿ, ಒಣಮೀನು ಚಟ್ನಿ ಇಲ್ಲ, ಅದಿಲ್ಲದೆ ಕುಚ್ಚಲಕ್ಕಿ ಗಂಜಿ ಎಷ್ಟು ಜನಕ್ಕೆ ಇಳಿಯುತ್ತದೆ ಗೊತ್ತಿಲ್ಲ.

ಮೀನು ಸಾರು ಮಾಂಸರಸದ ಲೆಕ್ಕಕ್ಕೆ ಬರುವುದಿಲ್ಲ ಅಕ್ಕ. ಹುಳಿ, ಬ್ಯಾಡಗಿ ಮೆಣಸು, ಕಾಯಿ ಹಾಲು ಎಲ್ಲ ಸೇರಿದ ಬಂಗುಡೆ ಗಸಿಗೆ ಗಂಜಿ ಮುಗಿದು ಮತ್ತೊಂದು ವಾರ ಕಾಯಿರಿ. ಶುರು ಮಾಡುವಾಗ ಕಾಣೆ ಅಥವಾ ನೊಗ್ಲಿಯಂಥ ಬಿಳಿ ಮೀನು, ಕಾರ ಕಡಿಮೆ, ಮಧ್ಯಾಹ್ನದ ಊಟಕ್ಕೆ ಮಾತ್ರ.

ವಿರೇಚನದ ದಿನ ಅಥವಾ ಮರುದಿನ ರಕ್ತ ಕಂಡರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ಆರೆಂಟು ಗಂಟೆ ಮೂತ್ರವೇ ಹೋಗದಿದ್ದರೆ, ರಾತ್ರಿಯಾದರೂ ಭೇದಿ ನಿಲ್ಲದಿದ್ದರೆ ವೈದ್ಯರನ್ನು ಎಬ್ಬಿಸಿ. ಓಆರ್‌ಎಸ್ ನಾಲ್ಕು ಪೊಟ್ಟಣ ಬ್ಯಾಗಿನಲ್ಲಿರಲಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಲೋಟದಲ್ಲಿ ಅಂದಾಜಿಗೆ ಕದಡುವುದಲ್ಲ. ಅಮ್ಮನಿಗೆ ಬೇಕಾದರೆ ವೈದ್ಯರನ್ನು ಕೇಳಿ ಕೊಡಿ, ಅದರಲ್ಲಿ ಗ್ಲುಕೋಸ್ ಉಂಟು.